ಸ್ಟಾರ್ಟಪ್ ಉಳಿಸಿಕೊಂಡಿದ್ದ ಕೋಡಿಂಗ್ ಬಿಲ್ ವಸೂಲಾದ ಬಗೆ

ಕಾಸರಗೋಡಿನ ಮನೆಯಿಂದಲೇ ಬೆಂಗಳೂರಿನ ಒಂದು ಸ್ಟಾರ್ಟಪ್‌ಗೆ ಆ್ಯಪ್ ಮಾಡಿಕೊಟ್ಟಿದ್ದೆ. ಆ್ಯಪ್ ಓಡಿತು, ಕೊನೆಯ ಕಂತು ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ ‘ಬಗ್ (ಕೋಡ್‌ನಲ್ಲಿ ದೋಷ) ಇದೆ, ಆಮೇಲೆ ನೋಡೋಣ’ ಅನ್ನುತ್ತಿದ್ದರು.

ವಾಟ್ಸಾಪ್, ಫೋನ್ ಕೆಲಸಕ್ಕೆ ಬರಲಿಲ್ಲ. ವಕೀಲರ ನೋಟಿಸಿಗೂ ಜಗ್ಗಲಿಲ್ಲ. ಕರಾರಿನಲ್ಲಿ ‘ಬೆಂಗಳೂರು ಕೋರ್ಟ್ ಮಾತ್ರ’ ಎಂದಿತ್ತು. ಬಾಕಿಗಿಂತ ಓಡಾಟದ ಖರ್ಚೇ ಜಾಸ್ತಿ ಆಗುತ್ತಿತ್ತು.

ಕೊನೆಗೆ ಕೈಹಿಡಿದದ್ದು ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ಒಬ್ಬರೇ ಕೋಡ್ ಬರೆಯುವವರಿಗೂ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಿಗುತ್ತದೆ, ಶುಲ್ಕವಿಲ್ಲ. ಸೇವೆ ಎಂದು ಆರಿಸಿ, ಕೆಲಸದ ಬಗೆ ಹೇಳುವ ಎನ್‌ಐಸಿ ಕೋಡ್ 62011 ಹಾಕಿ. ಕರಾರಿಗೆ ಸಹಿ ಹಾಕುವ ಮೊದಲೇ ಇದು ಕೈಯಲ್ಲಿದ್ದರೆ ಒಳ್ಳೆಯದು. ನನ್ನ ಹತ್ತಿರ ಇತ್ತು.

ಬಾಕಿ ಪಾವತಿಯ ದೂರಿಗೆಂದು ಕೇಂದ್ರ ಸರ್ಕಾರ ತೆರೆದ ಸಮಾಧಾನ್ ಪೋರ್ಟಲ್‌ನಲ್ಲಿ ಉದ್ಯಮ್ ಸಂಖ್ಯೆ ಕೊಟ್ಟು, ವರ್ಕ್ ಆರ್ಡರ್, ಇನ್‌ವಾಯ್ಸ್ ಅಪ್‌ಲೋಡ್ ಮಾಡಿದೆ. 18ನೇ ಸೆಕ್ಷನ್ ಪ್ರಕಾರ ಕೆಲಸ ಮಾಡಿಕೊಟ್ಟವರು ಇರುವ ಕಡೆಯ ಕೌನ್ಸಿಲ್‌ಗೇ (ಇಂಥ ಬಾಕಿ ವ್ಯಾಜ್ಯ ನೋಡುವ ಮಂಡಳಿಗೇ) ಅಧಿಕಾರ. ಹಾಗಾಗಿ ಅರ್ಜಿ ಹೋದದ್ದು ಕೇರಳದ ಕೌನ್ಸಿಲ್‌ಗೆ.

ಅರ್ಜಿಗೆ ತೂಕ ಬಂದದ್ದು ಒಂದು ಮೇಲ್‌ನಿಂದ. ‘ರೆಪೊಸಿಟರಿ (ಕೋಡ್ ಇಟ್ಟ ಜಾಗ), ಸರ್ವರ್ ಪಾಸ್‌ವರ್ಡ್ ಎಲ್ಲ ಇವತ್ತು ಒಪ್ಪಿಸಿದ್ದೇನೆ’ ಎಂದು ತಾರೀಕು ಹಾಕಿ ಕಳಿಸಿದ್ದೆ. ಒಪ್ಪಿಸಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ, ಕಾಯ್ದೆ ಪ್ರಕಾರ ಅವರು ಒಪ್ಪಿಕೊಂಡ ಹಾಗೆಯೇ. ಬಗ್ ಮಾತು ಅಲ್ಲಿಗೆ ಬಿದ್ದುಹೋಯಿತು. ಕರಾರಿನಲ್ಲಿ ಏನೇ ಇರಲಿ, ಪಾವತಿ 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ 3 ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಸೇರುತ್ತದೆ. ಅರ್ಜಿಯಲ್ಲಿ ಅದನ್ನು ಅಸಲಿನ ಕೆಳಗೆ ಬೇರೆ ಸಾಲಿನಲ್ಲೇ ತೋರಿಸಿ. ಕೌನ್ಸಿಲ್ ನೋಟಿಸ್ ಮುಟ್ಟಿದ ಮೇಲೆ ರಾಜಿಗೆ ಕೂತರು. ಬಡ್ಡಿ ಬಿಟ್ಟೆ, ಅಸಲು ಪೂರ್ತಿ ಖಾತೆಗೆ ಬಂತು.