ಬಜೆಟ್ ಪುಸ್ತಕ ಆಮೇಲೆ, ಮೊದಲು ಪಾಸ್‌ಬುಕ್

ಕೋಲಾರ ಸೀಮೆಯ ರೈತರ ಮನೆಯಲ್ಲಿ ಎರಡು ಥರದ ದುಡ್ಡು ಓಡಾಡುತ್ತದೆ. ಹಾಲಿನ ಬಟವಾಡೆ ಸಣ್ಣದು, ಆದರೆ ತಪ್ಪದೆ ಬರುತ್ತದೆ. ಟೊಮೆಟೊ ದುಡ್ಡು ದೊಡ್ಡದು. ಎಷ್ಟು ಎಂಬುದು ಮಂಡಿಗೆ ಹೋದ ಮೇಲೇ ಗೊತ್ತಾಗುವುದು. ಕೂಲಿ, ಗೊಬ್ಬರದಂಗಡಿ ಬಾಕಿ, ಮಕ್ಕಳ ಫೀಸು ಮಾತ್ರ ಯಾವುದಕ್ಕೂ ಕಾಯುವುದಿಲ್ಲ. ನಗರಸಭೆಯದ್ದೂ ಇದೇ ಸಂಸಾರ. ಹೊಸದಾಗಿ ಗೆದ್ದ ಸದಸ್ಯರಾಗಲಿ, ತೆರಿಗೆ ಕಟ್ಟುವವರಾಗಲಿ, ಈ ಲೆಕ್ಕವನ್ನು ಓದುವುದು ಕಷ್ಟವಲ್ಲ.

ಮೊದಲು ಒಂದು ಹಾಳೆಯಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 12 ಮನೆ ಎಳೆಯಿರಿ. ಹಣ ಯಾವ ತಿಂಗಳು ಕೈಸೇರುತ್ತದೋ ಅದೇ ಮನೆಯಲ್ಲಿ ಬರೆಯಿರಿ. ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಸಮನಾಗಿ ಹಂಚಿದಿರೋ, ಕೆಲಸ ಕೆಟ್ಟಿತು. ಆಸ್ತಿ ತೆರಿಗೆಗೆ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇರುವುದರಿಂದ ತಿಂಗಳ ಕೊನೆಯಲ್ಲಿ ಕೌಂಟರ್ ಮುಂದೆ ಸಾಲು. ಆಮೇಲೆ ತಿಂಗಳುಗಟ್ಟಲೆ ಅಲ್ಲೊಬ್ಬರು ಇಲ್ಲೊಬ್ಬರು. ಮಳಿಗೆ ಬಾಡಿಗೆ, ನೀರಿನ ಕಂದಾಯ ಹಾಲಿನ ಜಾತಿ (ಕಟ್ಟುವವರು ಕಟ್ಟಿದರೆ). ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಕೊಡುವ ಅನುದಾನದ ಕಂತು ಅಪ್ಪಟ ಟೊಮೆಟೊ.

ಕೆಳಗೆ ಖರ್ಚು: ಪೌರಕಾರ್ಮಿಕರ ಸಂಬಳ, ಬೀದಿದೀಪ ಮತ್ತು ಕೊಳವೆಬಾವಿಗಳ ಬೆಸ್ಕಾಂ ಬಿಲ್ಲು, ಕಸದ ಆಟೊಗಳ ಡೀಸೆಲ್, ಬೇಸಿಗೆಯ ಟ್ಯಾಂಕರ್.

ಮುಂದಿನದು ಎಲ್ಲಕ್ಕಿಂತ ಮುಖ್ಯ: ಬ್ಯಾಂಕಿನಲ್ಲಿರುವುದೆಲ್ಲ ನಗರಸಭೆಯ ದುಡ್ಡಲ್ಲ. ಲೆಕ್ಕಕ್ಕೊಂದು ಉದಾಹರಣೆ. ಖಾತೆಗಳಲ್ಲಿ ಒಟ್ಟು 2 ಕೋಟಿ ಇದೆ ಎನ್ನಿ. ಅದರಲ್ಲಿ ಗುತ್ತಿಗೆದಾರರ ಠೇವಣಿ 40 ಲಕ್ಷ. ಅದನ್ನು ವಾಪಸು ಕೊಡಬೇಕು. ತೆರಿಗೆಯ ಜತೆ ವಸೂಲಾದ ಗ್ರಂಥಾಲಯ ಕರ, ಭಿಕ್ಷುಕರ ಪುನರ್ವಸತಿಯ ಕರ 25 ಲಕ್ಷ. ಅವು ಆಯಾ ಇಲಾಖೆಗೆ ಸೇರಬೇಕು. ಪರಿಶಿಷ್ಟರ ಕಲ್ಯಾಣಕ್ಕೆಂದು ತೆಗೆದಿಡಬೇಕಾದ ಶೇ 24.10ರ ನಿಧಿ 30 ಲಕ್ಷ. ನೀರು, ನೈರ್ಮಲ್ಯಕ್ಕೆಂದೇ ಬಂದ ಆಯೋಗದ ಅನುದಾನ 70 ಲಕ್ಷ. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳ ಅನುದಾನದಲ್ಲಿ ಶೇ 60ನ್ನು ಹೀಗೆ ಕಟ್ಟಿಹಾಕಿತ್ತು. ಎಲ್ಲ ಕಳೆದರೆ ಉಳಿಯುವುದು 35 ಲಕ್ಷ. ತಿಂಗಳ ಸಂಬಳ, ಕರೆಂಟು 45 ಲಕ್ಷವಾದರೆ? ಎರಡು ಕೋಟಿ ಇಟ್ಟುಕೊಂಡೂ 10 ಲಕ್ಷ ಕೊರತೆ. ‘ದುಡ್ಡಿದೆಯಲ್ಲ, ಸದ್ಯಕ್ಕೆ ಆ ಖಾತೆಯಿಂದ ತೆಗೆಯಿರಿ’ ಎಂಬ ಮಾತು ಹುಟ್ಟುವುದು ಇಲ್ಲೇ. ಲೆಕ್ಕಪರಿಶೋಧನೆಯ ಆಕ್ಷೇಪಣೆ ಹುಟ್ಟುವುದೂ ಇಲ್ಲೇ.

ಸಾಲ ಎತ್ತಬಹುದಲ್ಲ ಎಂದರೆ, ಸರ್ಕಾರದ ಅನುಮತಿಯಿಲ್ಲದೆ ಆಗದು. ಸ್ಥಳೀಯ ಸಂಸ್ಥೆಗಳ ಸಾಲಕ್ಕೆಂದೇ 1914ರ ಕಾಯ್ದೆಯಿದೆ. ನೀರು, ಒಳಚರಂಡಿಯಂಥ ದೊಡ್ಡ ಯೋಜನೆಗಳ ಸಾಲ ಸಾಮಾನ್ಯವಾಗಿ 1993ರಲ್ಲಿ ಶುರುವಾದ ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ (ಕೆಯುಐಡಿಎಫ್‌ಸಿ) ಮೂಲಕ ಬರುತ್ತದೆ. 1997ರಲ್ಲಿ ಬಾಂಡ್ ಮಾರಿ 125 ಕೋಟಿ ಎತ್ತಿದ್ದು ಬೆಂಗಳೂರು ಪಾಲಿಕೆ. ಸಣ್ಣ ಊರಿಗೆ ಅದು ಎಟುಕುವ ಮಾತಲ್ಲ.

ಹಾಗಾದರೆ ಆ 10 ಲಕ್ಷ ಯಾರು ಕೊಡುತ್ತಾರೆ? ನನ್ನ ಪ್ರಕಾರ, ಬಿಲ್ಲು ಹಿಡಿದು ಕಾಯುವವರು. ಬೆಸ್ಕಾಂ ಬಿಲ್ಲು ನಿಲ್ಲಿಸಿದರೆ ಬಡ್ಡಿ ಬೀಳುತ್ತದೆ. ಟ್ಯಾಂಕರಿನವರು ಬಡ್ಡಿ ಎನ್ನುವುದಿಲ್ಲ. ಮುಂದಿನ ಸಲ ಟ್ರಿಪ್ಪಿನ ರೇಟಿನಲ್ಲೇ ಸೇರಿಸಿಕೊಳ್ಳುತ್ತಾರೆ. ಈ ಸಾಲ ಸಾಲದ ಪಟ್ಟಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಕೊನೆಗೆ ಲೆಕ್ಕ ಶಾಖೆಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿಯನ್ನು ತಾರೀಖಿನ ಪ್ರಕಾರ ಕೇಳಿ ಪಡೆಯಿರಿ. ಸದಸ್ಯರಲ್ಲದವರಿಗೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಮೊತ್ತ ಆಮೇಲೆ ನೋಡಿ. ಎಲ್ಲಕ್ಕಿಂತ ಮೇಲಿರುವ ಟ್ಯಾಂಕರ್ ಬಿಲ್ಲು ಈ ಬೇಸಿಗೆಯದೋ, ಹೋದ ಬೇಸಿಗೆಯದೋ ನೋಡಿ.