ಮಳೆ ಲೆಕ್ಕ ಬಿಟ್ಟು ಕಡಲ ಲೆಕ್ಕ ಹಿಡಿದೆ

ಹವಾಮಾನ ಬದಲಾವಣೆಯನ್ನು ನಂಬದ ನಮ್ಮ ಭಾವನ ಜೊತೆ ವಾದಕ್ಕಿಳಿದು ಮೊದಲ ಸಲ ಸೋತಿದ್ದು ಮಳೆ ಲೆಕ್ಕದಿಂದಲೇ. "ಈ ಸಲದ ಮಳೆ ನೋಡಿದ್ರಾ ಭಾವ?" ಅಂದೆ. ಅವರು ಫೋನ್ ತೆಗೆದು, ಐವತ್ತು ವರ್ಷದ ಹಿಂದೆ ಇದಕ್ಕಿಂತ ಜಾಸ್ತಿ ಸುರಿದಿದ್ದನ್ನು ತೋರಿಸಿದರು. ಮುಗೀತು.

ತಪ್ಪು ನನ್ನದೇ. ಮಳೆ ಒಂದು ವರ್ಷ ಏರುತ್ತೆ, ಇನ್ನೊಂದು ವರ್ಷ ಇಳಿಯುತ್ತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಳೆ ದಾಖಲೆ 1766ರಿಂದ ಇದೆ. ಅಷ್ಟು ಉದ್ದದ ದಾಖಲೆ ಕೈಯಲ್ಲಿದ್ದರೂ, ಶುರುವಿನ ವರ್ಷವನ್ನು ಸ್ವಲ್ಪ ಆಚೆ ಈಚೆ ಸರಿಸಿದರೆ ಯಾರು ಬೇಕಾದರೂ ತಮಗೆ ಬೇಕಾದ ಕಥೆ ಹೇಳಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತೆ ಅನ್ನೋದು ನಿಜ. ಆದರೆ ಅದರ ಗುರುತು ಹುಡುಕಬೇಕಾದ್ದು ವರ್ಷದ ಮೊತ್ತದಲ್ಲಲ್ಲ, ಒಂದೇ ದಿನದಲ್ಲಿ ಧೋ ಅಂತ ಸುರಿಯುವ ಮಳೆಯಲ್ಲಿ. ಅದಕ್ಕೆ ನೂರಾರು ಕೇಂದ್ರಗಳ ದಿನದಿನದ ಲೆಕ್ಕ ಬೇಕು. ನನ್ನಿಂದಾಗುವ ಕೆಲಸ ಅಲ್ಲ.

ಹಾಗಾಗಿ ಕಡಲ ಕಡೆ ತಿರುಗಿದೆ. ಭೂಮಿ ಬಿಸಿಯಾದಂತೆ ಕಡಲ ಮಟ್ಟ ಏರಬೇಕಲ್ವಾ? ಪಿಎಸ್‌ಎಂಎಸ್‌ಎಲ್ ಅನ್ನೋ ಸಂಸ್ಥೆ 1933ರಿಂದ ಲೋಕದ ಬಂದರುಗಳ ಕಡಲ ಮಟ್ಟದ ಅಳತೆ ಕೂಡಿಡುತ್ತಿದೆ. ಫೈಲ್ ಪುಕ್ಕಟೆ. ಫ್ರಾನ್ಸಿನ ಬ್ರೆಸ್ಟ್ ಬಂದರಿನದು 1807ರಷ್ಟು ಹಳೆಯದು. ಇಳಿಸಿಕೊಂಡು ಗ್ರಾಫ್ ಹಾಕಿದೆ ನೋಡಿ, ಕಡಲು ನಡುನಡುವೆ ನೂರು ಮೀಟರ್ ಕೆಳಗೆ ಬಿದ್ದಿತ್ತು! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ಅಳತೆ ಸಿಗದ ವರ್ಷಗಳಿಗೆ ಅವರು -99999 ಅಂತ ಬರೆದಿರುತ್ತಾರೆ. ಅಳತೆ ಇರೋದು ಮಿಲಿಮೀಟರಿನಲ್ಲಿ. ಆ ಸಾಲುಗಳನ್ನು ತೆಗೆದ ಮೇಲೆ ನಿಧಾನಕ್ಕೆ ಏರುವ ಗೆರೆ ಕಾಣಿಸಿತು.

ಭಾವ ಬಿಡ್ತಾರಾ? "ಸ್ಟಾಕ್‌ಹೋಮ್ ನೋಡಪ್ಪ, ಅಲ್ಲಿ ಕಡಲು ಇಳೀತಾ ಇದೆ" ಅಂದರು. ನಿಜ, ಇಳಿಯುತ್ತಿದೆ. ಹಿಮಯುಗದ ಮಂಜುಗಡ್ಡೆಯ ಭಾರ ಕರಗಿ ಹೋದ ಮೇಲೆ ಅಲ್ಲಿನ ನೆಲವೇ ಇನ್ನೂ ಮೇಲೇಳುತ್ತಿದೆ. ಇದನ್ನು ಓದುವಾಗಲೇ ನನ್ನ ತುರುಪು ಎಲೆಯೂ ಕೈಬಿಟ್ಟಿತು. ಮನಿಲಾದ ಗ್ರಾಫ್ ಭಯಂಕರ ಕಡಿದಾಗಿ ಏರುತ್ತೆ ಅಂತ ಖುಷಿಯಿಂದ ಎತ್ತಿಟ್ಟಿದ್ದೆ. ಅಲ್ಲಿ ಅಂತರ್ಜಲ ಎಳೆದೂ ಎಳೆದೂ ನೆಲ ಕುಸಿಯುತ್ತಿದೆ. ಅವರ ಸ್ಟಾಕ್‌ಹೋಮ್ ಬೇಡ ಅಂದ ಮೇಲೆ ನನ್ನ ಮನಿಲಾನೂ ಬಿಡಬೇಕಲ್ವಾ?

ಕೊನೆಗೆ ಇಬ್ಬರೂ ಉಪಗ್ರಹದ ಅಳತೆಗೆ ಒಪ್ಪಿದೆವು. ಅದು 1993ರಿಂದ ಇದೆ, ಒಂದು ಬಂದರನ್ನಲ್ಲ, ಹೆಚ್ಚುಕಮ್ಮಿ ಇಡೀ ಸಾಗರವನ್ನು ನೋಡುತ್ತೆ. ವರ್ಷಕ್ಕೆ ಸರಾಸರಿ 3 ಮಿಲಿಮೀಟರಿಗಿಂತ ಜಾಸ್ತಿ ಏರಿಕೆ. ಭಾವ ಅಲ್ಲೂ ಒಂದು ಗುಂಡಿ ಹುಡುಕಿದರು: 2010-11ರಲ್ಲಿ ಕಡಲು ಸುಮಾರು 5 ಮಿಲಿಮೀಟರ್ ಇಳಿದಿತ್ತು.

ಮಜಾ ಇರೋದು ಇಲ್ಲೇ. ಆ ಸಲ ಲಾ ನಿನಾ, ಅಂದರೆ ಪೆಸಿಫಿಕ್ ಸಾಗರದ ನಡುಭಾಗದ ಮೇಲ್ಮೈ ನೀರು ತಂಪಾಗಿ ಮಳೆಯ ಜಾಗ ಬದಲಾಗೋದು, ಜೋರಾಗಿತ್ತು. ಕಡಲಿಂದ ಎದ್ದ ನೀರು ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಮೇಲೆ ಮಳೆಯಾಗಿ ಬಿತ್ತು. ಆಸ್ಟ್ರೇಲಿಯಾದ ಒಳನಾಡಿನ ಎಷ್ಟೋ ನದಿಗಳು ಕಡಲು ಸೇರೋದೇ ಇಲ್ಲ, ನೀರು ಅಲ್ಲೇ ನಿಂತಿತು. ಭೂಮಿಯ ಗುರುತ್ವದ ಏರುಪೇರು ನೋಡುವ ಗ್ರೇಸ್ ಉಪಗ್ರಹಗಳು ನೆಲದ ಮೇಲಿನ ಆ ಭಾರವನ್ನು ಅಳೆದಿವೆ. ಆಮೇಲೆ ಕಡಲು ಮತ್ತೆ ಏರಿತು. ನಾನು ಬಿಟ್ಟು ಬಂದಿದ್ದ ಮಳೆ ಲೆಕ್ಕವೇ ಇಲ್ಲಿ ಕೈ ಹಿಡಿಯಿತು.

ಭಾವ ಒಪ್ಪಿಕೊಂಡರು ಅಂತ ಹೇಳಲಾರೆ. ಬ್ರೆಸ್ಟ್ ಫೈಲ್ ಕಳಿಸು, ನಾನೇ ಗ್ರಾಫ್ ಹಾಕ್ತೀನಿ ಅಂದರು. ಕಳಿಸಿದ್ದೀನಿ. -99999 ವಿಷಯ ಮಾತ್ರ ಇನ್ನೂ ಹೇಳಿಲ್ಲ.