ಮೈಸೂರಿನ ತಾರಸಿಯಲ್ಲಿ ಅರ್ಜೆಂಟೀನಾದ ಕಳ್ಳಿ

ದಕ್ಷಿಣ ಅಮೆರಿಕದ ಕಳ್ಳಿಗಳನ್ನು ಬೀಜದಿಂದ ಬೆಳೆಸಲು ಹೊರಟವರು ಮೊದಲು ಮರುಭೂಮಿಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಲಿಯ ಅಟಕಾಮಾ ಕರಾವಳಿಯಲ್ಲಿ ಮಂಜಿನ ತೇವವನ್ನೇ ನಂಬಿ ಬದುಕುವ ಕೊಪಿಯಾಪೋವಾದಂತಹ ಗಿಡಗಳು ಇವೆಯಾದರೂ, ನಾನು ಬಹುವಾಗಿ ಬೆಳೆಸುವ ಜಿಮ್ನೋಕ್ಯಾಲಿಸಿಯಮ್ ಕುಲದ ಕಳ್ಳಿಗಳು ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಬೊಲಿವಿಯಾ ಮತ್ತು ದಕ್ಷಿಣ ಬ್ರೆಜಿಲ್‌ಗಳ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಕಲ್ಲುಗುಡ್ಡಗಳಲ್ಲಿ, ಹೆಚ್ಚಾಗಿ ಹುಲ್ಲಿನ ಅಥವಾ ಪೊದೆಗಳ ಮರೆಯಲ್ಲಿ ಹುಟ್ಟಿ ಬೆಳೆಯುವಂಥವು. ವಾಯವ್ಯ ಅರ್ಜೆಂಟೀನಾದ ಕ್ಯಾಟಮಾರ್ಕಾ ಪ್ರಾಂತ್ಯದಲ್ಲಿ ಮಳೆ ಬೀಳುವುದು ಬೇಸಿಗೆಯಲ್ಲಿ. ಅಲ್ಲಿನ ಚಳಿಗಾಲ ಒಣಗಾಲ. ಮೈಸೂರಿನಲ್ಲಿಯೂ ಮಳೆ ಬರುವುದು ಸೆಕೆಯ ಬೆನ್ನಿಗೆ, ಒಣಗಾಲ ಬರುವುದು ಚಳಿಯ ಜೊತೆಗೆ. ತಿಂಗಳುಗಳು ತಿರುಗುಮುರುಗಾಗಿದ್ದರೂ, ಇಲ್ಲಿಯೇ ಮೊಳೆತ ಸಸಿಗೆ ಇಲ್ಲಿಯ ಋತುಮಾನವಲ್ಲದೆ ಬೇರೊಂದು ಗೊತ್ತಿರುವುದಿಲ್ಲ. ಬೀಜದಿಂದ ಬೆಳೆಸುವುದರ ದೊಡ್ಡ ಲಾಭ ಇದೇ.

ಹೊಸಬರಿಗೆ ನಾನು ಸೂಚಿಸುವುದು ಕ್ಯಾಟಮಾರ್ಕಾದ ಜಿಮ್ನೋಕ್ಯಾಲಿಸಿಯಮ್ ಬಾಲ್ಡಿಯಾನಮ್. ಇದರ ಹೂವು ಕಡುಗೆಂಪು, ಗಿಡ ಚಿಕ್ಕದು, ಎರಡು ಮೂರು ವರ್ಷಗಳಲ್ಲಿ ಅರಳುತ್ತದೆ. ಇದೇ ಕುಲದ, ಪರಾಗ್ವೆಯ ಮಿಹನೋವಿಚಿಯೂ ಒಳ್ಳೆಯದು; ನರ್ಸರಿಗಳಲ್ಲಿ ಬೇರೆ ಕಳ್ಳಿಯ ತುದಿಗೆ ಕಸಿ ಮಾಡಿ ಮಾರುವ ಕೆಂಪು, ಹಳದಿ ಚೆಂಡುಗಳು ಇದರದೇ ಹರಿತ್ತಿಲ್ಲದ, ಅಂದರೆ ಎಲೆಗೆ ಹಸಿರು ಬಣ್ಣ ಕೊಡುವ ವಸ್ತುವಿಲ್ಲದ, ರೂಪಗಳು. ಫ್ರೈಲಿಯಾ ಇನ್ನೂ ಬೇಗ ಹೂಬಿಡುವ ಪುಟ್ಟ ಕಳ್ಳಿ, ಆದರೆ ಅದರ ಮೊಗ್ಗು ಅನೇಕ ಸಲ ಅರಳದೆಯೇ ಒಳಗೊಳಗೇ ಬೀಜ ಕಟ್ಟಿಬಿಡುತ್ತದೆ. ಪರೋಡಿಯಾದ ಕೆಲವು ಜಾತಿಗಳ ಬೀಜ ಧೂಳಿನಷ್ಟು ಸಣ್ಣದಾಗಿದ್ದು, ಸಸಿ ಬಹಳ ಕಾಲ ಗುಂಡುಸೂಜಿಯ ತಲೆಯ ಗಾತ್ರದಲ್ಲಿಯೇ ಉಳಿಯುವುದರಿಂದ ಅದನ್ನು ಅನುಭವ ಬಂದ ಮೇಲೆ ಕೈಗೆತ್ತಿಕೊಳ್ಳುವುದು ಲೇಸು. ಆಂಡೀಸ್‌ನ ಎತ್ತರದ ಇಳಿಜಾರುಗಳ ರೆಬೂಷಿಯಾವನ್ನು ನಾನು ಕೈಬಿಟ್ಟಿದ್ದೇನೆ. ಅದು ಸುಲಭವಾಗಿ ಮೊಳೆಯುತ್ತದೆ, ಆದರೆ ಧಾರಾಳವಾಗಿ ಹೂಬಿಡಲು ಅದಕ್ಕೆ ಬೇಕಾದ ಕೊರೆಯುವ ಒಣಚಳಿ ನಮ್ಮ ಊರಿನಲ್ಲಿಲ್ಲ.

ಬಿತ್ತನೆಗೆ ಫೆಬ್ರವರಿಯ ಕೊನೆಯ ಭಾಗವನ್ನು ನಾನು ಆರಿಸಿಕೊಳ್ಳುತ್ತೇನೆ. ಹಗಲು ಬೆಚ್ಚಗಿದ್ದು ರಾತ್ರಿ ಸ್ವಲ್ಪ ತಂಪಾಗುವ ಆ ದಿನಗಳು, ಅಂದರೆ 20ರಿಂದ 30 ಡಿಗ್ರಿ ಸೆಲ್ಸಿಯಸ್‌ನ ನಡುವಿನ ಉಷ್ಣಾಂಶ, ಮೊಳಕೆಗೆ ಹೇಳಿಮಾಡಿಸಿದಂತಿರುತ್ತದೆ. ಬೀಜ ಆದಷ್ಟು ಹೊಸದಾಗಿರಬೇಕು, ಫ್ರೈಲಿಯಾದ ಬೀಜವಂತೂ ಬಹಳ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಣ್ಣಿನ ತಿರುಳು ಬೀಜಕ್ಕೆ ಅಂಟಿಕೊಂಡಿದ್ದರೆ ಬೂಷ್ಟು ಬರುವುದು ಖಚಿತವಾದ್ದರಿಂದ ತೊಳೆದು, ನೆರಳಿನಲ್ಲಿ ಒಣಗಿಸಿಯೇ ಬಿತ್ತಬೇಕು. ಮಣ್ಣಿನ ಮಿಶ್ರಣದಲ್ಲಿ ಮುಕ್ಕಾಲು ಪಾಲು ಜರಡಿ ಹಿಡಿದ ಇಟ್ಟಿಗೆ ಚೂರು, ಪರ್ಲೈಟ್ ಎಂಬ ಹಗುರವಾದ ಬಿಳಿ ಖನಿಜದ ಹರಳು ಮತ್ತು ದಪ್ಪ ಮರಳು ಇರುತ್ತದೆ. ಉಳಿದ ಕಾಲು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ. ಇದನ್ನು ತೇವಗೊಳಿಸಿ, ಹಳೆಯ ಕುಕ್ಕರಿನಲ್ಲಿ ಹಬೆಯಾಡಿಸಿ, ಪೂರ್ತಿ ಆರಿದ ಬಳಿಕ ಕುಂಡಗಳಿಗೆ ತುಂಬುತ್ತೇನೆ. ಈ ಬೀಜಗಳು ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚುವುದಿಲ್ಲ. ಮೇಲ್ಮೈಯಲ್ಲಿ ಉದುರಿಸಿ, ಕುಂಡವನ್ನು ತಳದಿಂದ ನೀರು ಹೀರುವಂತೆ ತಟ್ಟೆಯಲ್ಲಿಟ್ಟು, ಅನಂತರ ಪಾರದರ್ಶಕ ಮುಚ್ಚಳದ ಡಬ್ಬಿಯೊಳಗೆ ಭದ್ರಪಡಿಸಿ, ನೇರ ಬಿಸಿಲು ತಾಗದ ಬೆಳಕಿನ ಕಿಟಕಿಯ ಬಳಿ ಇಡುತ್ತೇನೆ. ಮುಚ್ಚಿದ ಡಬ್ಬಿಗೆ ಬಿಸಿಲು ಬಿದ್ದರೆ ಒಳಗಿನದೆಲ್ಲ ಬೆಂದುಹೋಗುತ್ತದೆ. ಹೊಸ ಬೀಜವಾದರೆ ಒಂದೆರಡು ವಾರಗಳಲ್ಲಿ ಹಸಿರು ಗುಂಡುಗಳು ಕಾಣತೊಡಗುತ್ತವೆ.

ಡಬ್ಬಿಯನ್ನು ಯಾವಾಗ ತೆರೆಯಬೇಕು ಎಂಬುದರಲ್ಲಿಯೇ ಇಡೀ ಬೆಳೆಯ ಅಳಿವು ಉಳಿವು ಅಡಗಿದೆ. ಬೇಗ ತೆರೆದರೆ, ಬೇರು ಇನ್ನೂ ಕೂದಲೆಳೆಯಷ್ಟಿರುವ ಸಸಿಗಳು ಏಪ್ರಿಲ್‌ನ ಒಣಗಾಳಿಗೆ ಕಮರುತ್ತವೆ. ತಡವಾದರೆ ಪಾಚಿ ಮಣ್ಣಿನ ಮೇಲ್ಮೈಯನ್ನು ಕಂಬಳಿಯಂತೆ ಹೊದ್ದುಕೊಂಡು ಚಿಕ್ಕ ಸಸಿಗಳನ್ನು ಮುಳುಗಿಸುತ್ತದೆ. ಪ್ರತಿ ಸಸಿಯ ನೆತ್ತಿಯಲ್ಲಿ ಮೊದಲ ಮೆತ್ತನೆಯ ಮುಳ್ಳುಗಳ ಗೊಂಚಲು ಸ್ಪಷ್ಟವಾಗಿ ಕಂಡಾಗ ನಾನು ಮುಚ್ಚಳವನ್ನು ಒಂದು ಕಡ್ಡಿಯಷ್ಟು ಎತ್ತರಿಸುತ್ತೇನೆ. ಆಮೇಲೆ ಕೆಲವು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಪೂರ್ಣ ತೆರೆಯುತ್ತೇನೆ. ಸಸಿಯ ಬುಡ ಗಾಜಿನಂತೆ ಪಾರದರ್ಶಕವಾಗಿ ಒಂದು ಬದಿಗೆ ವಾಲಿದರೆ ಅದು ಕೊಳೆರೋಗ. ಅಂತಹ ಸಸಿಯನ್ನೂ ಅದರ ಸುತ್ತಲಿನ ಮಣ್ಣನ್ನೂ ಕೂಡಲೇ ತೆಗೆದುಹಾಕಿ, ಉಳಿದವಕ್ಕೆ ಕ್ಯಾಪ್ಟಾನ್ ಶಿಲೀಂಧ್ರನಾಶಕದ ತೆಳು ದ್ರಾವಣವನ್ನು ಸಿಂಪಡಿಸಬೇಕು. ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಡುವ ಸಣ್ಣ ಕಪ್ಪು ನೊಣಗಳ ಮರಿಹುಳುಗಳು ಎಳೆಯ ಬೇರನ್ನು ತಿನ್ನುವುದರಿಂದ, ಡಬ್ಬಿ ತೆರೆದ ಬಳಿಕ ಹಳದಿ ಅಂಟುಹಾಳೆಯನ್ನು ಹತ್ತಿರದಲ್ಲಿಯೇ ತೂಗುಹಾಕುವುದು ಅಗತ್ಯ.

ಸಸಿಗಳು ಒಂದಕ್ಕೊಂದು ಒತ್ತಿಕೊಂಡಾಗ ಮಾತ್ರ ಬಿಡಿಸಿ ನೆಡುತ್ತೇನೆ. ಗುಂಪಿನಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ, ದೊಡ್ಡ ಕುಂಡದಲ್ಲಿ ಒಂಟಿಯಾಗಿ ಕುಳಿತ ಸಸಿಯ ಸುತ್ತಲಿನ ಮಣ್ಣು ಬೇಗ ಒಣಗದೆ ಬೇರು ಕೊಳೆಯುತ್ತದೆ. ನೆಟ್ಟ ಮೇಲೆ ಬೇರಿನ ಗಾಯ ಮಾಯುವವರೆಗೆ ಕೆಲವು ದಿನ ನೀರು ಕೊಡಬಾರದು. ನೀರಿನ ಗುಣವೂ ಮುಖ್ಯ: ಜಿಮ್ನೋಕ್ಯಾಲಿಸಿಯಮ್‌ಗಳಿಗೆ ತುಸು ಆಮ್ಲೀಯ ಮಣ್ಣು ಹಿತ, ಕೊಳವೆಬಾವಿಯ ಗಡಸು ನೀರನ್ನೇ ಎರೆಯುತ್ತ ಹೋದರೆ ಮಣ್ಣಿನ ಮೇಲೆ ಬಿಳಿಯ ಸುಣ್ಣ ಕಟ್ಟಿ ಬೆಳವಣಿಗೆ ನಿಂತುಬಿಡುತ್ತದೆ. ಆದ್ದರಿಂದ ತಾರಸಿಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟು ಬಳಸುತ್ತೇನೆ. ಗೊಬ್ಬರ ಕೊಡುವಾಗ ಸಾರಜನಕ ಕಡಿಮೆ, ಪೊಟ್ಯಾಶ್ ಹೆಚ್ಚು ಇರುವುದನ್ನು ತೆಳ್ಳಗೆ ಕಲಸಿ, ಬೆಳವಣಿಗೆಯ ಕಾಲದಲ್ಲಿ ಮಾತ್ರ ಕೊಡಬೇಕು.

ಇಡೀ ದಿನದ ಬಿಸಿಲು ಈ ಕುಲಕ್ಕೆ ಬೇಡ. ಅರ್ಧದಷ್ಟು ಬೆಳಕನ್ನು ತಡೆಯುವ ನೆರಳು ಪರದೆಯ ಕೆಳಗೆ, ಬೆಳಗಿನ ಎಳೆಬಿಸಿಲು ನೇರವಾಗಿ ಬೀಳುವ ಮೂಲೆಯಲ್ಲಿ ನನ್ನ ಗಿಡಗಳಿವೆ, ಮಳೆಗಾಲದಲ್ಲಿ ಅವುಗಳ ಮೇಲೆ ಪಾರದರ್ಶಕ ಶೀಟು ಇರುತ್ತದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ನೀರನ್ನು ಬಹುಮಟ್ಟಿಗೆ ನಿಲ್ಲಿಸುತ್ತೇನೆ. ಗಿಡ ತುಸು ಕುಗ್ಗಿ ಮಣ್ಣಿಗೆ ಇಳಿದಂತೆ ಕಂಡರೆ ಗಾಬರಿಯಾಗಬೇಕಿಲ್ಲ, ಮೊಗ್ಗು ಕಟ್ಟಲು ಈ ವಿಶ್ರಾಂತಿ ನೆರವಾಗುತ್ತದೆ. ನೀರು ಕೊಟ್ಟ ಮೇಲೂ ಗಿಡ ಉಬ್ಬದಿದ್ದರೆ ಮಾತ್ರ ಕುಂಡದಿಂದ ಬಿಡಿಸಿ ಬೇರು ನೋಡಬೇಕು, ಏಕೆಂದರೆ ಹಿಟ್ಟು ತಿಗಣೆಗಳು ಬೇರಿನಲ್ಲಿ ಬಿಳಿಯ ಪುಡಿಯಂತೆ ಕುಳಿತು ರಸ ಹೀರುತ್ತಿರಬಹುದು.

ಮೊಗ್ಗು ಬರುವುದು ನೆತ್ತಿಯ ಸಮೀಪದ ಹೊಸ ಮುಳ್ಳುಗೊಂಚಲಿನ ಬಳಿ. ಕೂದಲಾಗಲಿ ಮುಳ್ಳಾಗಲಿ ಇಲ್ಲದೆ ನುಣುಪಾದ ಹೊರಪೊರೆಗಳಿಂದ ಮುಚ್ಚಿದ ಈ ಮೊಗ್ಗು ಜಿಮ್ನೋಕ್ಯಾಲಿಸಿಯಮ್‌ನ ಗುರುತು. ಅದು ನಿಧಾನವಾಗಿ ಉದ್ದವಾಗಿ, ಬಿಸಿಲೇರಿದ ಹೊತ್ತಿಗೆ ಅರಳಿ, ಸಂಜೆ ಮುಚ್ಚಿ, ಹೀಗೆ ಕೆಲವು ದಿನ ಉಳಿಯುತ್ತದೆ. ಅಷ್ಟು ಚಿಕ್ಕ ಗಿಡದ ಮೇಲೆ ಅಷ್ಟು ಅಗಲದ ಹೂವನ್ನು ನೋಡುವ ಸಂತೋಷ ನನಗೆ ಇಂದಿಗೂ ಹಳತಾಗಿಲ್ಲ. ಈ ಕುಲದ ಹೆಚ್ಚಿನ ಜಾತಿಗಳು ತಮ್ಮದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಆದುದರಿಂದ ಒಂದೇ ಜಾತಿಯ, ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡು ಗಿಡಗಳು ಏಕಕಾಲದಲ್ಲಿ ಅರಳಿದಾಗ ಮೆತ್ತನೆಯ ಕುಂಚದಿಂದ ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಮುಟ್ಟಿಸಬೇಕು. ಜಾತಿಜಾತಿಗಳ ನಡುವೆ ಮಿಶ್ರಣ ಸುಲಭವಾಗಿ ನಡೆಯುವುದರಿಂದ, ಹೂವು ಅರಳುವ ಮುಂಚೆಯೇ ತೆಳು ಬಟ್ಟೆ ಮುಚ್ಚಿ ಜೇನ್ನೊಣಗಳನ್ನು ದೂರವಿಡುತ್ತೇನೆ. ಹಣ್ಣು ಮಾಗಿದಾಗ ಉದ್ದಕ್ಕೆ ಬಿರಿಯುತ್ತದೆ. ಬಿರಿದ ಕೂಡಲೇ ಇರುವೆಗಳು ಬೀಜ ಹೊತ್ತೊಯ್ಯಲು ಬರುವುದರಿಂದ ಅದೇ ದಿನ ಬಿಡಿಸಿಕೊಂಡು, ಕಾಗದದ ಪೊಟ್ಟಣದ ಮೇಲೆ ಎರಡೂ ಗಿಡಗಳ ಹೆಸರು ಮತ್ತು ವರ್ಷವನ್ನು ಬರೆದಿಡುತ್ತೇನೆ. ಇಂತಹ ವಿವರವಿಲ್ಲದ ಬೀಜವನ್ನು ನಾನು ಯಾರಿಗೂ ಕೊಡುವುದಿಲ್ಲ.